ಕುಲುಮೆಯ ಬಿಡಿಭಾಗಗಳ ದಾಸ್ತಾನು: ಲೆಕ್ಕದಲ್ಲಿದ್ದದ್ದು ಕೆಲಸಕ್ಕೂ ಬರುವಂತೆ ಮಾಡಿದ ಬಗೆ

ನಾನು ನಿರ್ವಹಣಾ ವಿಭಾಗದ ಹೊಣೆ ಹೊತ್ತ ಮೊದಲ ವರ್ಷ, ನಮ್ಮ ಏಳು ಫರ್ನೇಸ್‌ಗಳ ಬಿಡಿಭಾಗಗಳ ಪಟ್ಟಿ ಕಂಪ್ಯೂಟರ್‌ನಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಯಾವ ವಸ್ತು, ಎಷ್ಟು, ಯಾವ ಕಪಾಟು ಎಂಬುದೆಲ್ಲ ಅದರಲ್ಲಿತ್ತು. ಆದರೆ ಆ ವಸ್ತುವನ್ನು ತಂದು ಜೋಡಿಸಿದರೆ ಫರ್ನೇಸ್ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಅದು ನನಗೆ ತಿಳಿದದ್ದು ಫರ್ನೇಸನ್ನು ಬಿಸಿ ಮಾಡುವ ಒಂದು ಸಿಲಿಕಾನ್ ಕಾರ್ಬೈಡ್ ಕಡ್ಡಿಯಿಂದ.

1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುವ ಫರ್ನೇಸ್‌ನಲ್ಲಿ ಸಮಾಂತರವಾಗಿ ಜೋಡಿಸಿದ್ದ ಆರು ಕಡ್ಡಿಗಳ ಪೈಕಿ ಒಂದು ಮುರಿಯಿತು. ಉಗ್ರಾಣದಲ್ಲಿ ಅದೇ ಉದ್ದ, ಅದೇ ವ್ಯಾಸದ ಹೊಸ ಕಡ್ಡಿ ಇತ್ತು, ತಂದು ಹಾಕಿದೆವು. ಮರುದಿನ ನೋಡುರಂಧ್ರದಿಂದ ಇಣುಕಿದಾಗ ಅಕ್ಕಪಕ್ಕದವು ಕಿತ್ತಳೆ ಬಣ್ಣದಲ್ಲಿದ್ದರೆ ಹೊಸದು ಮಾತ್ರ ಹಳದಿಗೆ ತಿರುಗಿ ಉರಿಯುತ್ತಿತ್ತು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ಹಳೆಯವು ತಲಾ 30 ಆಂಪಿಯರ್ ಆಸುಪಾಸಿನಲ್ಲಿದ್ದವು, ಹೊಸದು 55 ದಾಟಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಅದೂ ಮುರಿಯಿತು.

ಕಾರಣ ಸರಳವಾದದ್ದೇ. ಸಿಲಿಕಾನ್ ಕಾರ್ಬೈಡ್ ಬಿಸಿಯಲ್ಲಿ ನಿಧಾನವಾಗಿ ಆಕ್ಸಿಡೀಕರಣಗೊಳ್ಳುವುದರಿಂದ ಅದರ ವಿದ್ಯುತ್ ರೋಧ ವಯಸ್ಸಿನೊಂದಿಗೆ ಏರುತ್ತ ಹೋಗುತ್ತದೆ. ಸಮಾಂತರ ಜೋಡಣೆಯಲ್ಲಿ ಎಲ್ಲ ಕಡ್ಡಿಗಳಿಗೂ ಒಂದೇ ವೋಲ್ಟೇಜ್ ಸಿಗುವುದರಿಂದ, ರೋಧ ಕಡಿಮೆಯಿರುವ ಹೊಸ ಕಡ್ಡಿ ಹೆಚ್ಚು ಹೊರೆ ಎಳೆದುಕೊಂಡು ಬೇಗ ಸವೆಯುತ್ತದೆ. ಸರಣಿ ಜೋಡಣೆಯಾಗಿದ್ದರೆ ಇದೇ ಪೆಟ್ಟು ಹಳೆಯ ಕಡ್ಡಿಗಳಿಗೆ ಬೀಳುತ್ತಿತ್ತು. ಬಿಸಿ ಮಾಡಲು ಬಳಸುವ ಇನ್ನೊಂದು ಬಗೆಯಾದ ಮಾಲಿಬ್ಡಿನಂ ಡೈಸಿಲಿಸೈಡ್ ಕಡ್ಡಿಗಳ ವಿಷಯ ಹೀಗಲ್ಲ. ಅವುಗಳ ರೋಧ ವಯಸ್ಸಿನೊಂದಿಗೆ ಅಷ್ಟಾಗಿ ಬದಲಾಗದ ಕಾರಣ ಹಳೆಯವುಗಳ ನಡುವೆ ಹೊಸದೊಂದನ್ನು ಧೈರ್ಯವಾಗಿ ಹಾಕಬಹುದು. ನಮ್ಮ ಪಟ್ಟಿಯಲ್ಲಿ ಎರಡೂ ‘ಹೀಟಿಂಗ್ ಎಲಿಮೆಂಟ್’ ಎಂಬ ಒಂದೇ ತಲೆಬರಹದ ಕೆಳಗೆ, ಒಂದೇ ನಿಯಮದಡಿ ಇದ್ದವು.

ಅಂದಿನಿಂದ ಸಿಲಿಕಾನ್ ಕಾರ್ಬೈಡ್ ಕಡ್ಡಿಗಳನ್ನು ಬಿಡಿಯಾಗಿ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿ, ಒಂದು ಗುಂಪಿಗೆ ಬೇಕಾದ ಪೂರ್ತಿ ಸೆಟ್ಟನ್ನೇ ಒಂದು ಘಟಕವೆಂದು ದಾಖಲಿಸತೊಡಗಿದೆ. ಪೆಟ್ಟಿಗೆಯ ಮೇಲೆ ತಯಾರಕರು ಬರೆದ ರೋಧದ ಮೌಲ್ಯಗಳು ಪರಸ್ಪರ ಹತ್ತಿರವಿರುವಂತೆ ಆರಿಸಿ ಸೆಟ್ ಕಟ್ಟುತ್ತೇವೆ. ಗುಂಪನ್ನು ಬದಲಿಸಿದಾಗ ಬಿಚ್ಚಿದ ಹಳೆಯ ಕಡ್ಡಿಗಳಲ್ಲಿ ಗಟ್ಟಿಯಾಗಿರುವವನ್ನು ಎಸೆಯುವುದಿಲ್ಲ. ಬಿಚ್ಚುವ ಮೊದಲೇ, ಫರ್ನೇಸ್ ಬಿಸಿಯಿರುವಾಗ ಅಳೆದ ವೋಲ್ಟೇಜ್ ಮತ್ತು ಕರೆಂಟನ್ನು ತಗಡಿನ ಚೀಟಿಯಲ್ಲಿ ಕೊರೆದು ಕಡ್ಡಿಗೆ ಕಟ್ಟಿ ಇಡುತ್ತೇವೆ. ತಣ್ಣಗಿರುವಾಗ ಅಳೆದ ರೋಧವನ್ನು ನಂಬುವಂತಿಲ್ಲ, ಆದ್ದರಿಂದ ಬಿಸಿಯಲ್ಲಿ ತೆಗೆದ ಓದುವಿಕೆಯನ್ನಷ್ಟೇ ಬರೆಯಬೇಕೆಂದು ಪಟ್ಟು ಹಿಡಿದಿದ್ದೇನೆ. ಅರ್ಧ ಆಯುಷ್ಯ ಕಳೆದ ಗುಂಪಿನಲ್ಲಿ ಒಂದು ಮುರಿದರೆ, ಅದಕ್ಕೆ ಹೊಂದುವ ಜೊತೆ ಹೊಸ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಈ ಹಳೆಯ ಕಡ್ಡಿಗಳಲ್ಲಿ ಸಿಗುತ್ತದೆ.

ತಾಪಮಾನ ಅಳೆಯುವ ಉಷ್ಣಯುಗ್ಮಗಳಿಗೆ, ಅಂದರೆ ಥರ್ಮೋಕಪಲ್‌ಗಳಿಗೆ, ನಿಯಮ ಇದಕ್ಕೆ ತದ್ವಿರುದ್ಧ. ಬಹುಕಾಲ ಬಿಸಿಯಲ್ಲಿದ್ದ ‘ಕೆ’ ವಿಧದ ಥರ್ಮೋಕಪಲ್‌ನ ತಂತಿ ಉದ್ದಕ್ಕೂ ಒಂದೇ ಗುಣದ್ದಾಗಿ ಉಳಿದಿರುವುದಿಲ್ಲ. ಅದನ್ನು ಬೇರೆ ಫರ್ನೇಸ್‌ನಲ್ಲಿ ಬೇರೆ ಆಳಕ್ಕೆ ತೂರಿಸಿದರೆ ತೋರುವ ತಾಪಮಾನವೂ ಬೇರೆಯಾಗುತ್ತದೆ. ಹಾಗಾಗಿ ಒಮ್ಮೆ ಹೊರತೆಗೆದದ್ದು ಉಗ್ರಾಣಕ್ಕೆ ಮರಳಕೂಡದು. ನಮ್ಮಲ್ಲಿ ಉದ್ದದ ಅಳತೆಗಳೇ ಹನ್ನೊಂದು ಬಗೆಯವಿದ್ದವು. ಜಾರಿಸಿ ಬಿಗಿಯಬಹುದಾದ ಫ್ಲ್ಯಾಂಜ್ ಅಳವಡಿಸಿ ತೂರಿಸುವ ಆಳವನ್ನು ಸ್ಥಳದಲ್ಲೇ ಹೊಂದಿಸುವಂತೆ ಮಾಡಿದ ಮೇಲೆ ಅವು ನಾಲ್ಕಕ್ಕೆ ಇಳಿದವು. ದಾಸ್ತಾನಿನ ವಿಷಯದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಈಗಲೂ ಭಾವಿಸುತ್ತೇನೆ, ಏಕೆಂದರೆ ಒಟ್ಟು ಸಂಖ್ಯೆ ಕಡಿಮೆಯಾದರೂ ಪ್ರತಿ ಫರ್ನೇಸ್‌ಗೂ ಕೈಗೆ ಸಿಗುವ ಬದಲಿ ಹೆಚ್ಚಾಯಿತು.

ಯಾವುದನ್ನು ಇಡಬೇಕು ಎಂಬುದನ್ನು ಮೊದಲು ವಸ್ತುಗಳನ್ನು ಬೆಲೆಯ ಆಧಾರದಲ್ಲಿ ಎ, ಬಿ, ಸಿ ಎಂದು ಮೂರು ವರ್ಗ ಮಾಡುವ ಎಬಿಸಿ ವಿಂಗಡಣೆ ನಿರ್ಧರಿಸುತ್ತಿತ್ತು. ಬೆಲೆಯೊಂದನ್ನೇ ನೋಡಿದರೆ ಫರ್ನೇಸ್‌ನ ವಿಷಯದಲ್ಲಿ ದಾರಿ ತಪ್ಪುತ್ತದೆ. ಸುತ್ತುಗಾಳಿಯ ಫ್ಯಾನಿನ ಮೋಟಾರು ದುಬಾರಿ, ಆದರೆ ಸಾಮಾನ್ಯ ಅಳತೆಯದಾದ್ದರಿಂದ ಎಲ್ಲಾದರೂ ಸಿಗುತ್ತದೆ. ಅದೇ ಫ್ಯಾನಿನ ಉಷ್ಣನಿರೋಧಕ ಉಕ್ಕಿನ ರೆಕ್ಕೆಚಕ್ರವನ್ನು ಎರಕ ಹೊಯ್ದು, ಯಂತ್ರದಲ್ಲಿ ಕೊರೆದು, ಸಮತೋಲನ ಮಾಡಿಸಿ ತರಿಸಲು ತಿಂಗಳುಗಳೇ ಬೇಕು. ಕಡ್ಡಿಗಳಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಥೈರಿಸ್ಟರ್‌ಗೆ ರಕ್ಷಣೆ ಕೊಡುವ ಅತಿವೇಗದ ಫ್ಯೂಸ್ ಅಗ್ಗದ್ದು, ಆದರೆ ಅದಿಲ್ಲದೆ ಸಾಮಾನ್ಯ ಫ್ಯೂಸ್ ಹಾಕಿದರೆ ಫ್ಯೂಸ್‌ಗಿಂತ ಮೊದಲು ಥೈರಿಸ್ಟರೇ ಸುಡುತ್ತದೆ. ಆದ್ದರಿಂದ ಪ್ರತಿ ವಸ್ತುವಿಗೂ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಪಟ್ಟಿಯಲ್ಲೇ ಬರೆಸಿದೆ: ಇದಿಲ್ಲದಿದ್ದರೆ ಫರ್ನೇಸ್ ನಿಲ್ಲುತ್ತದೆಯೇ, ತರಿಸಲು ಎಷ್ಟು ವಾರ ಬೇಕು, ಅಷ್ಟರೊಳಗೆ ಸುರಕ್ಷಿತವಾದ ಬೇರೆ ದಾರಿ ಇದೆಯೇ. ಈ ಉತ್ತರಗಳನ್ನು ಫರ್ನೇಸ್ ನಡೆಸುವವರ ಜೊತೆ ಕುಳಿತೇ ತುಂಬಬೇಕು. ಉಗ್ರಾಣದ ಮೇಜಿನಲ್ಲಿ ಕುಳಿತು ಬರೆದವು ಅರ್ಧಕ್ಕರ್ಧ ತಪ್ಪಾಗಿದ್ದವು.

ಎಷ್ಟು ಇಡಬೇಕೆಂಬುದಕ್ಕೆ ಆಕಸ್ಮಿಕ ಘಟನೆ ಒಂದು ಅವಧಿಯಲ್ಲಿ ಎಷ್ಟು ಬಾರಿ ಆಗಬಹುದೆಂಬ ಸಾಧ್ಯತೆಯನ್ನು ಹೇಳುವ ಪಾಯ್ಸಾನ್ ಲೆಕ್ಕವನ್ನು ಬಳಸಿದೆ. ತರಿಸಲು ತಗಲುವ ಅವಧಿಯಲ್ಲಿ ಸರಾಸರಿ ಒಂದು ಕೆಡುತ್ತದೆ ಎಂದಾದರೆ, ಕಪಾಟಿನಲ್ಲಿ ಒಂದಿದ್ದರೆ ಆ ಅವಧಿಯನ್ನು ಕೊರತೆಯಿಲ್ಲದೆ ಕಳೆಯುವ ಸಾಧ್ಯತೆ ಸುಮಾರು ಶೇ. 74, ಎರಡಿದ್ದರೆ ಶೇ. 92, ಮೂರಿದ್ದರೆ ಶೇ. 98. ಈ ಮೂರು ಸಂಖ್ಯೆಗಳನ್ನು ತೋರಿಸಿದ ಮೇಲೆ ಲೆಕ್ಕಪತ್ರ ವಿಭಾಗದವರೊಂದಿಗಿನ ಮಾತುಕತೆ ಸುಲಭವಾಯಿತು. ಆದರೆ ಒಂದು ಎಚ್ಚರ ಬೇಕು. ಕೆಡುವಿಕೆ ಯಾವಾಗೆಂದರೆ ಆವಾಗ, ಒಂದಕ್ಕೊಂದು ಸಂಬಂಧವಿಲ್ಲದೆ ಆಗುವಂಥವಕ್ಕೆ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಒಂದೇ ದಿನ ಹಾಕಿದ ಕಡ್ಡಿಗಳು, ಬೆಲ್ಟುಗಳು ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಅವಕ್ಕೆ ಹಾಕಿದ ದಿನಾಂಕದಿಂದ ಎಣಿಸಿ ಮುಂಚಿತವಾಗಿ ತರಿಸುವುದೇ ಸರಿ.

ಸಣ್ಣ ವಸ್ತುಗಳಿಂದಲೂ ರಾತ್ರಿಗಳು ಹಾಳಾಗಿವೆ. ಒಮ್ಮೆ ಕಡ್ಡಿಗಳೆಲ್ಲ ಸಿದ್ಧವಿದ್ದು, ಅವುಗಳ ತುದಿಗೆ ಹಾಕುವ ಅಲ್ಯೂಮಿನಿಯಂ ಹೆಣಿಗೆಪಟ್ಟಿ ಮತ್ತು ಸ್ಪ್ರಿಂಗ್ ಕ್ಲಿಪ್ ಇಲ್ಲದೆ ಬೆಳಗಿನವರೆಗೆ ಕಾದೆವು. ಈಗ ಒಂದು ಕೆಲಸಕ್ಕೆ ಬೇಕಾದದ್ದೆಲ್ಲ ಒಂದೇ ಪೆಟ್ಟಿಗೆಯಲ್ಲಿರುತ್ತದೆ: ಕಡ್ಡಿ, ಪಟ್ಟಿ, ಕ್ಲಿಪ್, ರಂಧ್ರ ಮುಚ್ಚುವ ಸೆರಾಮಿಕ್ ಫೈಬರ್ ಹಗ್ಗ. ಪೆಟ್ಟಿಗೆಗೆ ಮೊಹರು ಹಾಕಿರುತ್ತೇವೆ. ಮೊಹರು ಒಡೆದಿದ್ದರೆ ಒಳಗೆ ಏನೋ ಕಡಿಮೆಯಾಗಿದೆ ಎಂದರ್ಥ.

ಇಟ್ಟ ವಸ್ತು ಇಟ್ಟಲ್ಲೇ ಕೆಡುತ್ತದೆ ಎಂಬುದನ್ನು ಕ್ಯಾಸ್ಟೇಬಲ್, ಅಂದರೆ ನೀರಿನಲ್ಲಿ ಕಲಸಿ ಹೊಯ್ಯುವ ಉಷ್ಣನಿರೋಧಕ ಕಾಂಕ್ರೀಟ್ ಪುಡಿಯ ಚೀಲಗಳು ಕಲಿಸಿದವು. ಅದರಲ್ಲಿ ಸಿಮೆಂಟ್ ಇರುವುದರಿಂದ ತೇವ ತಗುಲಿದರೆ ಚೀಲದೊಳಗೇ ಗಟ್ಟಿಯಾಗುತ್ತದೆ. ಇನ್ನೂ ಅಪಾಯಕಾರಿ ಎಂದರೆ, ಮುಟ್ಟಿದರೆ ಪುಡಿಯಂತೆಯೇ ಇದ್ದು ಕಲಸಿ ಹೊಯ್ದ ಮೇಲೆ ಬಿಗಿಯದಿರುವುದು; ನಮ್ಮ ಬಾಗಿಲಿನ ಅಂಚೊಂದು ಹೀಗೇ ಬೆರಳಿಗೆ ಉದುರಿತ್ತು. ಈಗ ಚೀಲಗಳು ಗೋಡೆಯಿಂದ ದೂರ, ಹಲಗೆಯ ಮೇಲೆ, ಮೊದಲು ಬಂದದ್ದು ಮೊದಲು ಹೋಗುವಂತೆ ಇರುತ್ತವೆ. ಅವಧಿ ಸಮೀಪಿಸಿದ ಚೀಲದಿಂದ ಒಂದು ಹಿಡಿ ಕಲಸಿ ಬಿಲ್ಲೆ ಮಾಡಿಟ್ಟು, ಮರುದಿನ ಅದನ್ನು ಕೈಯಲ್ಲಿ ಮುರಿದು ನೋಡಿಯೇ ಬಳಸುತ್ತೇವೆ. ಬದಲಿ ಮೋಟಾರುಗಳ ಬೇರಿಂಗ್ ಒಂದೇ ಕಡೆ ಭಾರ ಹೊತ್ತು ಕೆಡದಂತೆ ಶಾಫ್ಟನ್ನು ತಿಂಗಳಿಗೊಮ್ಮೆ ಕೈಯಿಂದ ತಿರುಗಿಸಿ, ನಿಲ್ಲಿಸಿದ ಜಾಗದ ಗುರುತನ್ನು ಸುಣ್ಣದ ಕಡ್ಡಿಯಿಂದ ಬರೆಯುತ್ತೇವೆ.

ಬರ್ನರ್‌ನ ಜ್ವಾಲೆಯನ್ನು ಗಮನಿಸುವ ಯುವಿ ಸೆನ್ಸರ್ ಮತ್ತು ಮಿತಿಮೀರಿದ ತಾಪಮಾನದಲ್ಲಿ ವಿದ್ಯುತ್ ಕಡಿಯುವ ಪ್ರತ್ಯೇಕ ಕಂಟ್ರೋಲರ್, ಇವೆರಡಕ್ಕೆ ಮಾತ್ರ ನಾನು ಯಾವ ಲೆಕ್ಕವನ್ನೂ ಒಪ್ಪುವುದಿಲ್ಲ. ಸೆನ್ಸರ್ ಕೆಟ್ಟು ಬದಲಿ ಇಲ್ಲದ ಒಂದು ರಾತ್ರಿ, ಒಳಗೆ ಬಿಸಿ ಮಾಲು ತುಂಬಿರುವಾಗ, ತಂತಿ ಜೋಡಿಸಿ ಅದನ್ನು ಬೈಪಾಸ್ ಮಾಡಿಬಿಡೋಣ ಎಂಬ ಮಾತು ಬಂತು. ಮಾತಾಡಿದವರು ಬೇಜವಾಬ್ದಾರರಲ್ಲ, ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಜ್ವಾಲೆ ಆರಿದ್ದೂ ಗ್ಯಾಸ್ ಹರಿಯುತ್ತಲೇ ಇದ್ದರೆ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫರ್ನೇಸ್ ನಿಲ್ಲಿಸಿದೆವು, ಆ ಮಾಲು ಹೋಯಿತು. ಮರುದಿನವೇ ಪ್ರತಿ ಮಾದರಿಗೆ ಎರಡರಂತೆ ತರಿಸಿ, ಉಗ್ರಾಣದಲ್ಲಿ ಇಡದೆ ಪಾಳಿಯ ಮೇಲ್ವಿಚಾರಕರ ಕೊಠಡಿಯ ಗಾಜಿನ ಕಪಾಟಿನಲ್ಲಿ ಇರಿಸಿದೆ. ಕೀಲಿಕೈ ಯಾವ ಹೊತ್ತಿನಲ್ಲೂ ಅಲ್ಲಿಯೇ ಇರುತ್ತದೆ, ಒಂದನ್ನು ತೆಗೆದರೆ ಅದೇ ಪಾಳಿಯಲ್ಲಿ ಬೇಡಿಕೆ ಚೀಟಿ ನನ್ನ ಮೇಜಿಗೆ ಬರಬೇಕು.