ಪರದೇಶದ ನಗರದಲ್ಲಿ ವಿವಾಹ ವಾರ್ಷಿಕೋತ್ಸವದ ಸಂಜೆಯನ್ನು ಯೋಜಿಸುವ ಬಗೆ

ಪರಿಚಯವಿಲ್ಲದ ನಗರದಲ್ಲಿ ವಿವಾಹ ವಾರ್ಷಿಕೋತ್ಸವ ಆಚರಿಸಲು ಹೊರಟ ದಂಪತಿಗಳು ಸಾಮಾನ್ಯವಾಗಿ ದೋಣಿವಿಹಾರ, ಗೋಪುರದ ತುದಿ, ಸಂಗೀತ, ವಿಶೇಷ ಊಟ ಎಲ್ಲವನ್ನೂ ಒಂದೇ ಸಂಜೆಯೊಳಗೆ ತುಂಬಲು ನೋಡುತ್ತಾರೆ. ಹಾಗೆ ಮಾಡಿದಾಗ ಗಡಿಯಾರ ನೋಡುವುದರಲ್ಲಿ ಮತ್ತು ಟ್ಯಾಕ್ಸಿ ಹುಡುಕುವುದರಲ್ಲಿಯೇ ಹೊತ್ತು ಕಳೆದು, ಇಬ್ಬರೂ ನೆಮ್ಮದಿಯಾಗಿ ಕುಳಿತು ಮಾತನಾಡಲು ಸಮಯವೇ ಉಳಿಯುವುದಿಲ್ಲ. ಆದ್ದರಿಂದ ಸಮಯಕ್ಕೆ ಸರಿಯಾಗಿ ತಲುಪಲೇಬೇಕಾದ ಕಾರ್ಯಕ್ರಮ ಒಂದೇ ಒಂದು ಇರಲಿ. ಅದನ್ನು ಎಚ್ಚರಿಕೆಯಿಂದ ಆರಿಸಿ ಮೊದಲೇ ಖಚಿತಪಡಿಸಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಮುಂದೆ, ನಡೆದು ತಲುಪುವ ದೂರದಲ್ಲಿ, ಮನಸ್ಸಾದರೆ ಮಾಡುವ, ಇಲ್ಲವಾದರೆ ಬಿಡುವ ಸಂಗತಿಗಳಾಗಿರಲಿ.

ಮೊದಲು ದಿನವನ್ನು ನಿರ್ಧರಿಸಬೇಕು. ವಿಮಾನದಿಂದ ಇಳಿದ ದಿನವೇ ಆಚರಣೆ ಇಟ್ಟುಕೊಳ್ಳಬೇಡಿ. ಪಶ್ಚಿಮದ ಕಡೆಗೆ ದೂರ ಪ್ರಯಾಣ ಮಾಡಿದವರಿಗೆ ಅಲ್ಲಿನ ಸಂಜೆಯ ಹೊತ್ತಿಗೇ ಕಣ್ಣು ಎಳೆಯುತ್ತದೆ, ಊಟದ ಮೇಜಿನ ಮೇಲೆಯೇ ತೂಕಡಿಕೆ ಬರುತ್ತದೆ. ಮದುವೆಯ ತಾರೀಖು ಆ ನಗರದಲ್ಲಿ ಯಾವ ವಾರ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಪ್ಯಾರಿಸ್ಸಿನ ಅನೇಕ ಒಳ್ಳೆಯ ಉಪಾಹಾರ ಗೃಹಗಳು ಭಾನುವಾರ ಮತ್ತು ಸೋಮವಾರ ತೆರೆಯುವುದಿಲ್ಲ, ಆಗಸ್ಟ್ ತಿಂಗಳಿನಲ್ಲಿ ಹಲವು ವಾರಗಟ್ಟಲೆ ಮುಚ್ಚಿರುತ್ತವೆ. ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ಜುಲೈ ಮತ್ತು ಆಗಸ್ಟ್ ತಿಂಗಳುಗಳು ಬಿಡುವಿನ ಕಾಲ. ನಿಜವಾದ ತಾರೀಖು ಇಂಥ ದಿನಕ್ಕೆ ಸಿಕ್ಕಿಕೊಂಡರೆ ಆಚರಣೆಯನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಲು ಹಿಂಜರಿಯಬೇಕಾಗಿಲ್ಲ. ತಾರೀಖಿನ ದಿನ ಬೆಳಗ್ಗೆ ಒಂದು ಸಣ್ಣ ಉಡುಗೊರೆ ಕೊಟ್ಟರೆ ಸಾಕು.

ದಿನ ಗೊತ್ತಾದ ಮೇಲೆ ನೋಡಬೇಕಾದದ್ದು ಸೂರ್ಯಾಸ್ತದ ಸಮಯ. ಇದನ್ನು ಕಡೆಗಣಿಸಿದ ಯೋಜನೆಗಳು ಸಾಮಾನ್ಯವಾಗಿ ದಾರಿ ತಪ್ಪುತ್ತವೆ. ಪ್ಯಾರಿಸ್ಸಿನಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 10 ಗಂಟೆಗೆ, ಡಿಸೆಂಬರಿನಲ್ಲಿ ಸಂಜೆ 5 ಗಂಟೆಗೂ ಮೊದಲೇ. ಭೂಮಧ್ಯರೇಖೆಗೆ ಹತ್ತಿರವಿರುವ ಸಿಂಗಪುರದಲ್ಲಿ ವರ್ಷವಿಡೀ 7 ಗಂಟೆಯ ಆಸುಪಾಸು. ಸೂರ್ಯ ಮುಳುಗಿದ ಮೇಲೆ ಆಕಾಶವಿನ್ನೂ ಕಪ್ಪಾಗದೆ ಕಡುನೀಲಿಯಾಗಿರುವ, ಸೇತುವೆ ಮತ್ತು ಕಟ್ಟಡಗಳ ದೀಪಗಳೆಲ್ಲ ಆಗತಾನೇ ಹೊತ್ತಿಕೊಂಡಿರುವ ಆ ಅಲ್ಪ ಕಾಲವೇ ಯಾವುದೇ ನಗರದ ಅತ್ಯಂತ ಸುಂದರ ಗಳಿಗೆ. ಸಿಂಗಪುರದಂಥ ಊರುಗಳಲ್ಲಿ ಅದು ಬೇಗನೆ ಮುಗಿದುಹೋಗುತ್ತದೆ, ಉತ್ತರದ ನಗರಗಳಲ್ಲಿ ಬೇಸಿಗೆಯಲ್ಲಿ ಮುಕ್ಕಾಲು ಗಂಟೆಯವರೆಗೂ ಉಳಿಯುತ್ತದೆ. ಆ ಹೊತ್ತಿನಲ್ಲಿ ನೀವಿಬ್ಬರೂ ಬಾಗಿಲು ಮುಚ್ಚಿದ ಕೋಣೆಯೊಳಗೆ ಕುಳಿತಿರಬಾರದು.

ಇನ್ನು ಆ ನಗರದವರು ಊಟಕ್ಕೆ ಕೂರುವ ಹೊತ್ತನ್ನು ಸೂರ್ಯಾಸ್ತದ ಪಕ್ಕದಲ್ಲಿಟ್ಟು ನೋಡಿದರೆ ಸಂಜೆಯ ಕ್ರಮ ತಾನಾಗಿಯೇ ತಿಳಿಯುತ್ತದೆ. ಜೂನಿನ ಪ್ಯಾರಿಸ್ಸಿನಲ್ಲಿ ಏಳೂವರೆಗೆ ಊಟಕ್ಕೆ ಕುಳಿತರೆ ಹತ್ತರ ಒಳಗೆ ಎದ್ದು ಸೇನ್ ನದಿಯ ದಂಡೆಗೆ ನಡೆದುಹೋಗಬಹುದು. ಕತ್ತಲಾದ ಮೇಲೆ ಐಫೆಲ್ ಗೋಪುರ ಪ್ರತಿ ಗಂಟೆಯ ಆರಂಭದಲ್ಲಿ ಐದು ನಿಮಿಷ ಮಿನುಗುತ್ತದೆ. ಅದನ್ನು ಗೋಪುರದ ಕೆಳಗೆ ನಿಂತು ನೋಡುವುದಕ್ಕಿಂತ ನದಿಯಾಚೆಯ ಟ್ರೊಕಾಡೆರೊ ದಿಬ್ಬದಿಂದಲೋ ಬೀರ್ ಹಕೀಮ್ ಸೇತುವೆಯಿಂದಲೋ ನೋಡುವುದು ಮೇಲು. ಡಿಸೆಂಬರಿನಲ್ಲಿ ಇದೇ ಕ್ರಮವನ್ನು ತಿರುವುಹಾಕಿ, ನಾಲ್ಕೂವರೆಗೆ ನದಿಯ ದಂಡೆಗೆ ಹೋಗಿ ಬಂದು, ಬಿಸಿಯಾಗಿ ಏನಾದರೂ ಕುಡಿದು ಆಮೇಲೆ ಊಟಕ್ಕೆ ಹೋಗಬೇಕು. ಮ್ಯಾಡ್ರಿಡ್ ನಗರದಲ್ಲಿ ಜನ ಊಟಕ್ಕೆ ಬರುವುದೇ ಒಂಬತ್ತರ ನಂತರ. ಅಲ್ಲಿ ಈಜಿಪ್ಟಿನಿಂದ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮರಳಿ ಕಟ್ಟಿದ ದೇಬೋದ್ ದೇವಾಲಯದ ಬಳಿ ಸೂರ್ಯಾಸ್ತ ನೋಡಿಕೊಂಡು ನಿಧಾನವಾಗಿ ಊಟಕ್ಕೆ ಹೋದರೂ ತಡವೆನಿಸುವುದಿಲ್ಲ.

ಆ ಒಂದು ಖಚಿತ ಕಾರ್ಯಕ್ರಮ ಊಟವೇ ಆಗಬೇಕೆಂದಿಲ್ಲ. ವಿಯೆನ್ನಾದಲ್ಲಿ ಒಪೆರಾ ನೋಡಬೇಕೆಂದಿದ್ದರೆ ಆ ಸಂಜೆ ಒಪೆರಾಗೇ ಮೀಸಲಾಗಲಿ. ಕೆಲವು ಕೃತಿಗಳು ವಿರಾಮವೂ ಸೇರಿ ನಾಲ್ಕು ಗಂಟೆ ದಾಟುವುದರಿಂದ ಹೋಗುವ ಮೊದಲು ಲಘುವಾಗಿ ತಿಂದುಕೊಳ್ಳುವುದು ಒಳ್ಳೆಯದು. ಖರ್ಚು ಹಿಡಿತದಲ್ಲಿರಬೇಕೆನ್ನುವವರಿಗೂ ದಾರಿಗಳಿವೆ, ಮತ್ತು ಅವು ಎರಡನೆಯ ದರ್ಜೆಯವೇನಲ್ಲ. ಇಸ್ತಾಂಬುಲ್‌ನಲ್ಲಿ ಊರಿನವರೇ ದಿನವೂ ಓಡಾಡುವ ಸಾರ್ವಜನಿಕ ಫೆರಿಯಲ್ಲಿ ಎಮಿನೋನುವಿನಿಂದ ಕಡಿಕೋಯ್‌ಗೆ ಸಂಜೆ ಹೋಗಿಬಂದರೆ ಬಾಸ್ಫರಸ್ ಜಲಸಂಧಿಯ ನೀರಿನ ಮೇಲಿಂದ ಸೂರ್ಯ ಇಳಿಯುವುದನ್ನು ಕಾಣಬಹುದು. ಬುಡಾಪೆಸ್ಟಿನ 2ನೇ ಸಂಖ್ಯೆಯ ಟ್ರ್ಯಾಮ್ ಡ್ಯಾನ್ಯೂಬ್ ದಂಡೆಯುದ್ದಕ್ಕೂ ಸಾಗುತ್ತದೆ, ನದಿಯಾಚೆಗೆ ದೀಪ ಬೆಳಗಿದ ಬುಡಾ ಕೋಟೆ ಕಿಟಕಿಯಿಂದಲೇ ಕಾಣುತ್ತದೆ. ಹಾಂಗ್‌ಕಾಂಗಿನ ಸ್ಟಾರ್ ಫೆರಿ ಕೂಡ ಇದೇ ಬಗೆಯದು.

ಊಟವನ್ನೇ ಆರಿಸಿಕೊಂಡಿದ್ದರೆ, ಯಾವ ಉಪಾಹಾರ ಗೃಹ ಎಂಬಷ್ಟೇ ಯಾವ ಮೇಜು ಎಂಬುದೂ ಮುಖ್ಯ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಶೌಚಾಲಯದ ದಾರಿಯಲ್ಲಿ, ದೊಡ್ಡ ಗುಂಪಿನ ಮಗ್ಗುಲಲ್ಲಿ ಕೂರಿಸಿದರೆ ಅಡುಗೆ ಎಷ್ಟೇ ಚೆನ್ನಾಗಿದ್ದರೂ ಮಾತು ಸಾಗುವುದಿಲ್ಲ. ಮೇಜು ಕಾಯ್ದಿರಿಸುವಾಗ ಒಂದು ಪುಟ್ಟ ಸಂದೇಶ ಬರೆಯಿರಿ: “ಅಂದು ನಮ್ಮ ವಿವಾಹ ವಾರ್ಷಿಕೋತ್ಸವ. ಸಾಧ್ಯವಾದರೆ ಕಿಟಕಿಯ ಬಳಿ ಅಥವಾ ಮೂಲೆಯಲ್ಲಿ ಇಬ್ಬರಿಗೆ ಮೇಜು ಕೊಡಿ. ನಮ್ಮಲ್ಲಿ ಒಬ್ಬರು ಮಾಂಸ, ಮೀನು ಮತ್ತು ಅವುಗಳನ್ನು ಬೇಯಿಸಿದ ಸಾರನ್ನು ಸೇವಿಸುವುದಿಲ್ಲ.” ಇದನ್ನು ಇಂಗ್ಲಿಷಿನಲ್ಲಿಯೂ ಆ ದೇಶದ ಭಾಷೆಯಲ್ಲಿಯೂ ಕಳುಹಿಸಿ. ಕೊನೆಯ ವಾಕ್ಯವನ್ನು ಅಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಜಪಾನಿನಲ್ಲಿ ತರಕಾರಿಯ ಖಾದ್ಯಕ್ಕೂ ‘ದಾಶಿ’ ಎಂಬ ಮೀನಿನ ತಿಳಿಸಾರು ಬಳಸುವುದು ವಾಡಿಕೆ, ಫ್ರಾನ್ಸಿನ ಅನೇಕ ಸಾಸ್‌ಗಳಿಗೆ ಮಾಂಸದ ಸಾರೇ ಆಧಾರ. ಬರಿದೇ ‘ಸಸ್ಯಾಹಾರಿ’ ಎಂದರೆ ಅಲ್ಲಿನವರಿಗೆ ಇಷ್ಟೂ ಅರ್ಥವಾಗುತ್ತದೆಂದು ಭಾವಿಸಬಾರದು.

ಹೆಸರಾಂತ ಸ್ಥಳಗಳು ಇಂತಿಷ್ಟು ವಾರಗಳ ಮುಂಚೆಯೆಂದು ಗೊತ್ತುಮಾಡಿದ ಹೊತ್ತಿಗೆ ಬುಕಿಂಗ್ ತೆರೆಯುತ್ತವೆ, ಆ ಹೊತ್ತು ಅಲ್ಲಿನ ಗಡಿಯಾರದ್ದು ಎಂಬುದು ನೆನಪಿರಲಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ವ್ಯತ್ಯಾಸದ ಲೆಕ್ಕವೂ ಬದಲಾಗುತ್ತದೆ. ಕಾರ್ಡಿನ ವಿವರ ಕೇಳುವ ಕಡೆ, ಬರದಿದ್ದರೆ ಎಷ್ಟು ಹಣ ಕಡಿತವಾಗುತ್ತದೆ, ಎಷ್ಟು ನಿಮಿಷ ತಡವಾದರೆ ಮೇಜನ್ನು ಬೇರೆಯವರಿಗೆ ಕೊಡುತ್ತಾರೆ ಎಂಬುದನ್ನು ಓದಿಕೊಳ್ಳಿ. ಹಿಂದಿನ ದಿನ ಮತ್ತೊಮ್ಮೆ ಸಂದೇಶ ಕಳುಹಿಸಿ ಖಚಿತಪಡಿಸಿಕೊಳ್ಳಿ.

ಸಾಧ್ಯವಾದರೆ ಹಿಂದಿನ ದಿನ ಹಗಲಿನಲ್ಲಿ ಆ ದಾರಿಯಲ್ಲಿ ಒಬ್ಬರಾದರೂ ನಡೆದು ನೋಡಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ನಕ್ಷೆಯಲ್ಲಿ ಐದು ನಿಮಿಷದ ದಾರಿಯೆಂದು ಕಾಣುವುದು ಲಿಸ್ಬನ್ನಿನಂಥ ಏರುಪೇರಿನ ಊರಿನಲ್ಲಿ ಕಡಿದಾದ ಮೆಟ್ಟಿಲುಗಳಾಗಿರುತ್ತದೆ. ಅಲ್ಲಿನ ಕಾಲುದಾರಿಗಳಿಗೆ ಹಾಸಿದ ಸುಣ್ಣಕಲ್ಲಿನ ಚಿಕ್ಕ ಹರಳುಗಳು ಸವೆದು ನುಣುಪಾಗಿವೆ, ಮಳೆ ಬಿದ್ದರೆ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಹೆಜ್ಜೆಯಿಡುವುದೇ ಕಷ್ಟ. ನೋಡಬೇಕೆಂದಿದ್ದ ಕಟ್ಟಡಕ್ಕೆ ದುರಸ್ತಿಯ ಸಾರುವೆ ಕಟ್ಟಿದ್ದರೆ ಅದೂ ಆಗಲೇ ತಿಳಿಯುತ್ತದೆ. ಮಳೆ ಬಂದರೆ ಕೂರಲು ಹತ್ತಿರದಲ್ಲಿ ಸೂರಿರುವ ಒಂದು ಜಾಗವನ್ನೂ ಗುರುತಿಸಿಟ್ಟುಕೊಳ್ಳಿ.

ಇಡೀ ಸಂಜೆಯನ್ನು ಅಚ್ಚರಿಯಾಗಿ ಇಡಬೇಕೆನ್ನುವವರು ಎಲ್ಲಿಗೆಂಬುದನ್ನು ಮುಚ್ಚಿಡಲಿ. ಎಷ್ಟು ನಡೆಯಬೇಕು, ಎಷ್ಟು ಚಳಿಯಿರುತ್ತದೆ, ಯಾವ ಬಗೆಯ ಉಡುಪು ಬೇಕು ಎಂಬ ಮೂರನ್ನು ಮಾತ್ರ ಮೊದಲೇ ಹೇಳಲಿ. ಕೆಲವು ಕಡೆ ಗಂಡಸರಿಗೆ ಕೋಟು ಕಡ್ಡಾಯ, ನದಿಯ ಮೇಲೆ ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ. ಸಂಗಾತಿ ಚಳಿಗೆ ನಡುಗುತ್ತಲೋ ಕಾಲು ನೋವಿನಿಂದ ಕುಂಟುತ್ತಲೋ ಇದ್ದರೆ ಅಚ್ಚರಿಯ ಸಂತೋಷ ಬಹಳ ಹೊತ್ತು ಉಳಿಯುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ಗೊತ್ತಿರಬೇಕಾದದ್ದು ಸ್ವಲ್ಪವೇ. ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಲ್ಲಿ ನೀವು ಕೇಳುವವರೆಗೂ ಬಿಲ್ ತರುವುದಿಲ್ಲ. ಅದು ನಿರ್ಲಕ್ಷ್ಯವಲ್ಲ, ಅತಿಥಿಯನ್ನು ಎಬ್ಬಿಸಬಾರದೆಂಬ ಮರ್ಯಾದೆ. ಫ್ರಾನ್ಸಿನಲ್ಲಿ ಸೇವಾಶುಲ್ಕ ದರದಲ್ಲೇ ಸೇರಿರುತ್ತದೆ, ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ, ಅಮೆರಿಕದಲ್ಲಿ ಮಾತ್ರ ಬಿಲ್ಲಿನ ಶೇಕಡಾ 18ರಿಂದ 20ರಷ್ಟನ್ನು ನಿರೀಕ್ಷಿಸುತ್ತಾರೆ. ಕಾರ್ಡಿನ ಯಂತ್ರ ಯಾವ ಹಣದಲ್ಲಿ ಪಾವತಿಸುವಿರಿ ಎಂದು ಕೇಳಿದರೆ ಆ ದೇಶದ ಹಣವನ್ನೇ ಆರಿಸಿ, ಇಲ್ಲವಾದರೆ ವಿನಿಮಯ ದರದಲ್ಲಿ ನಷ್ಟವಾಗುತ್ತದೆ.

ಮರಳುವ ದಾರಿಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಟೋಕಿಯೊದ ರೈಲುಗಳು ನಡುರಾತ್ರಿಯ ಆಸುಪಾಸಿನಲ್ಲಿ ನಿಂತರೆ ಮತ್ತೆ ಹೊರಡುವುದು ಬೆಳಗಿನ ಜಾವ ಐದರ ಹೊತ್ತಿಗೆ. ಲಂಡನ್ನಿನಲ್ಲಿ ರಾತ್ರಿಯಿಡೀ ಮೆಟ್ರೊ ಓಡುವುದು ಶುಕ್ರವಾರ ಮತ್ತು ಶನಿವಾರ ಮಾತ್ರ, ಅದೂ ಕೆಲವೇ ಮಾರ್ಗಗಳಲ್ಲಿ. ಕೊನೆಯ ರೈಲಿನ ಸಮಯ, ಹತ್ತಿರದ ಟ್ಯಾಕ್ಸಿ ನಿಲ್ದಾಣ, ಅಲ್ಲಿನ ಲಿಪಿಯಲ್ಲೇ ಬರೆದ ವಸತಿಗೃಹದ ವಿಳಾಸ, ಇಂಟರ್ನೆಟ್ ಇಲ್ಲದೆಯೂ ತೆರೆದುಕೊಳ್ಳುವ ನಕ್ಷೆ ಇವೆಲ್ಲವನ್ನೂ ಇಬ್ಬರ ಫೋನಿನಲ್ಲಿಯೂ ಇಟ್ಟುಕೊಳ್ಳಿ. ಒಂದು ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಸಂಜೆಯುದ್ದಕ್ಕೂ ಹೊರತೆಗೆಯದೆ ಚೀಲದಲ್ಲೇ ಬಿಡಿ. ಚಿತ್ರ ತೆಗೆಯಲು ಇನ್ನೊಂದು ಸಾಕು.