ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಮೊದಲು ಮನೆತನ ಕೇಳಿ

ಕಲಬುರಗಿಯಲ್ಲಿ ಹಾರ್ಮೋನ್ ಕಾಯಿಲೆಗಳನ್ನು ನೋಡುವ ಡಾಕ್ಟರ್ ನಾನು. ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆ, ಥೈರಾಯ್ಡ್‌ನವರು. ಹುಟ್ಟಿನಿಂದಲೇ ಕ್ಯಾಲ್ಸಿಯಂ ಏರುಪೇರಾದವರು ತೀರ ಅಪರೂಪ. ಆದರೆ ಅಂಥ ಒಬ್ಬರು ಸಿಕ್ಕರೆ ಅವರ ಹಿಂದೆ ಇಡೀ ಬಳಗವೇ ಇರುತ್ತದೆ. ಅಂಥ ಮನೆಗಳಲ್ಲಿ ನಾನು ಹೇಗೆ ಕೆಲಸ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಸೇಡಂ ಕಡೆಯ ಒಬ್ಬ ಹೆಣ್ಣುಮಗಳು, ವಯಸ್ಸು ನಲವತ್ತರ ಮೇಲೆ. ಮೊಣಕಾಲು ನೋವು ಅಂತ ಬೇರೆ ಕಡೆ ತೋರಿಸಿದ್ದರು. ರಕ್ತದ ಕ್ಯಾಲ್ಸಿಯಂ 11.2 ಬಂದಿತ್ತು. ಸಾಮಾನ್ಯವಾಗಿ 8.5ರಿಂದ 10.5ರ ಒಳಗೆ ಇರಬೇಕು. ಕುತ್ತಿಗೆಯಲ್ಲಿ ಗಡ್ಡೆ ಇರಬಹುದು, ಆಪರೇಷನ್ ಮಾಡಿಸಿ ಅಂತ ಹೇಳಿ ಕಳಿಸಿದ್ದರಂತೆ. ಗಂಡ ಆಗಲೇ ದುಡ್ಡು ಹೊಂದಿಸಲು ಓಡಾಡುತ್ತಿದ್ದರು.

ಥೈರಾಯ್ಡ್ ಹಿಂದೆ ನಾಲ್ಕು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವು ಬಿಡುವ ಹಾರ್ಮೋನಿಗೆ ಪಿಟಿಎಚ್ ಅನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಏರಬೇಕು, ಕ್ಯಾಲ್ಸಿಯಂ ಏರಿದರೆ ಇಳಿಯಬೇಕು. ಈಕೆಯ ಪಿಟಿಎಚ್ 48 ಇತ್ತು. ಲ್ಯಾಬ್ ಕಾಗದದಲ್ಲಿ ಅದು ನಾರ್ಮಲ್. ಆದರೆ ಕ್ಯಾಲ್ಸಿಯಂ 11.2 ಇದ್ದಾಗ ಅದು ಕೆಳಗಿಳಿದಿರಬೇಕಿತ್ತು. ಹಾಗಾಗಿ ಎರಡೇ ದೊಡ್ಡ ಅನುಮಾನ. ಒಂದು, ಗ್ರಂಥಿಯಲ್ಲಿ ನಿಜವಾಗಿಯೂ ಗಡ್ಡೆ ಇದೆ. ಇನ್ನೊಂದು, ಕ್ಯಾಲ್ಸಿಯಂ ಎಷ್ಟಿದೆ ಅಂತ ಗುರುತಿಸುವ ಜೀನ್ ಹುಟ್ಟಿನಿಂದಲೇ ಬದಲಾಗಿದೆ. ಮೊದಲನೆಯದಕ್ಕೆ ಆಪರೇಷನ್ ಮದ್ದು. ಎರಡನೆಯದಕ್ಕೆ ಆಪರೇಷನ್ ಮಾಡಿದರೆ ಕ್ಯಾಲ್ಸಿಯಂ ಇಳಿಯುವುದಿಲ್ಲ. ಹಟಕ್ಕೆ ಬಿದ್ದು ನಾಲ್ಕೂ ಗ್ರಂಥಿ ತೆಗೆದರೆ ಜೀವನಪೂರ್ತಿ ಕ್ಯಾಲ್ಸಿಯಂ ಕೊರತೆ.

ಮೊದಲು ರಕ್ತ ಮತ್ತೆ ತೆಗೆಸಿದೆ. ಕೈಗೆ ಪಟ್ಟಿ ಬಿಗಿದು ತುಂಬ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಸುಮ್ನೆ ಜಾಸ್ತಿ ತೋರಿಸುತ್ತದೆ. ಅದಕ್ಕೇ ಸಡಿಲ ಪಟ್ಟಿ, ಜೊತೆಗೆ ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೋಟೀನ್ ಆಲ್ಬುಮಿನ್ ಕೂಡ ನೋಡಿದೆ. ವಿಟಮಿನ್ ಡಿ ಕಡಿಮೆ ಇತ್ತು. ಇಷ್ಟು ಬಿಸಿಲಿನ ಊರಲ್ಲಿ ವಿಟಮಿನ್ ಡಿ ಕಡಿಮೆಯಾ ಅಂತ ಎಲ್ಲರೂ ಕೇಳುತ್ತಾರೆ. ಬಿಸಿಲು ಜಾಸ್ತಿ ಅಂತಲೇ ನಾವು ಮೈತುಂಬ ಹೊದ್ದು ಓಡಾಡುತ್ತೇವೆ, ಅಲ್ವಾ? ವಿಟಮಿನ್ ಡಿ ಕಡಿಮೆ ಇದ್ದಾಗ ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ಕೂಡ ಕಡಿಮೆಯಾಗುತ್ತದೆ. ಜೀನ್ ತೊಂದರೆಯವರ ಮೂತ್ರದಲ್ಲಿ ಕ್ಯಾಲ್ಸಿಯಂ ಕಡಿಮೆಯೇ ಇರುತ್ತದೆ, ಹಾಗಾಗಿ ಗಡ್ಡೆ ಇದ್ದವರೂ ಅವರ ಹಾಗೇ ಕಾಣುತ್ತಾರೆ. ಅದಕ್ಕೇ ಮೊದಲು ಅದನ್ನು ಸರಿಮಾಡಿದೆ.

ಆಮೇಲೆ 24 ತಾಸಿನ ಮೂತ್ರ. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಬೆಳಗಿನ ಮೊದಲ ಮೂತ್ರ ಚೆಲ್ಲಬೇಕು. ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ, ಅದೂ ಸೇರಿ, ಒಂದು ಹನಿಯೂ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು. ಆಗ ತೊಗರಿ ರಾಶಿಯ ಸಮಯ. ಹೊಲದಲ್ಲಿ ನಾಲ್ಕು ಜನರ ನಡುವೆ ಹೆಣ್ಣುಮಗಳು ಕ್ಯಾನ್ ಹಿಡಿದು ಹೇಗೆ ಹೋಗಬೇಕು? ಆಕೆಯೇ ದಾರಿ ಹುಡುಕಿದರು. “ಅಮಾಸಿ ದಿನ ಹೊಲಕ್ಕ ಹೋಗಂಗಿಲ್ರೀ, ಅವತ್ತ ಹಿಡೀತೀನಿ” ಅಂದರು. ಕ್ಯಾನನ್ನು ಚೀಲದೊಳಗೆ ಇಟ್ಟು ಬಸ್ಸಿನಲ್ಲಿ ತಂದರು. ಈಗ ನಾನು ಹಳ್ಳಿಯಿಂದ ಬಂದವರಿಗೆಲ್ಲ ಅಮಾವಾಸ್ಯೆ ಯಾವಾಗ ಅಂತ ನೋಡಿಯೇ ತಾರೀಖು ಕೊಡುತ್ತೇನೆ.

ಲೆಕ್ಕ ಸರಳ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಒಂದು ಕಸ. ಮೂತ್ರದ ಕ್ಯಾಲ್ಸಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಬೇಕು. ರಕ್ತದ ಕ್ಯಾಲ್ಸಿಯಂ ಅನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿ, ಅದರಿಂದ ಮೊದಲನೆಯದನ್ನು ಭಾಗಿಸಬೇಕು. ಈಕೆಯದು ಮೇಲೆ 80 ಮತ್ತು 0.7, ಕೆಳಗೆ 11.2 ಮತ್ತು 900. ಉತ್ತರ 0.0056. ಇದು 0.01ಕ್ಕಿಂತ ಕಡಿಮೆ ಇದ್ದರೆ ಜೀನ್ ಕಡೆ ವಾಲುತ್ತದೆ, 0.02 ದಾಟಿದರೆ ಗಡ್ಡೆ ಕಡೆ. ನಡುವೆ ಬಂದರೆ ಜೀನ್ ಟೆಸ್ಟ್ ಮಾಡದೆ ಮುಂದೆ ಹೋಗಬಾರದು.

ಆ ಜೀನಿಗೆ ಸಿಎಎಸ್‌ಆರ್ ಅನ್ನುತ್ತಾರೆ. ಅದು 3ನೇ ಕ್ರೋಮೋಸೋಮಿನಲ್ಲಿದೆ. ಅದರಿಂದ ತಯಾರಾಗುವ ಪ್ರೋಟೀನ್ ಪ್ಯಾರಾಥೈರಾಯ್ಡ್ ಗ್ರಂಥಿಯ ಮೇಲೂ ಕಿಡ್ನಿಯಲ್ಲೂ ಕುಳಿತು ಕ್ಯಾಲ್ಸಿಯಂ ಎಷ್ಟಿದೆ ಅಂತ ಅಳೆಯುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿನ ಫ್ಲೋಟ್ ಇದ್ದಂತೆ. ಫ್ಲೋಟನ್ನು ಮೇಲಕ್ಕೆ ಕಟ್ಟಿದರೆ ನೀರು ನಿಲ್ಲುವ ಮಟ್ಟವೂ ಮೇಲೆ. ಟ್ಯಾಂಕ್ ತುಂಬಿ ಚೆಲ್ಲುವುದಿಲ್ಲ, ಸುಮ್ನೆ ಎತ್ತರದಲ್ಲಿ ನಿಲ್ಲುತ್ತದೆ. ಈಕೆಯ ಕ್ಯಾಲ್ಸಿಯಂ ಹುಟ್ಟಿದಾಗಿನಿಂದ ಹಾಗೇ ನಿಂತಿತ್ತು. ಇಂಥ ಮನೆತನಗಳನ್ನು ಫೋಲಿ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಗಾರರು 1972ರಲ್ಲೇ ವಿವರಿಸಿದ್ದರು. ಕಾರಣ ಗೊತ್ತಾಗಿದ್ದು 1993ರಲ್ಲಿ. ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ತಂಡ ದನದ ಪ್ಯಾರಾಥೈರಾಯ್ಡ್ ಗ್ರಂಥಿಯಿಂದ ಈ ಅಳೆಯುವ ಪ್ರೋಟೀನನ್ನು ಹಿಡಿದಿದ್ದು ಆ ವರ್ಷ. ಅದರ ಜೀನ್ ಬದಲಾದರೆ ಈ ಕಾಯಿಲೆ ಬರುತ್ತದೆ ಅಂತ ತೋರಿಸಿದ್ದೂ ಅದೇ ವರ್ಷ.

ಮನೆಯವರು ಮಾತ್ರ ನೀರಿನ ಮೇಲೆ ಹಾಕಿದರು. ನಮ್ಮ ಕಡೆ ಸುಣ್ಣಕಲ್ಲಿನ ನೆಲ, ಸಿಮೆಂಟ್ ಕಾರ್ಖಾನೆ, ಶಹಾಬಾದ್ ಕಲ್ಲು. ಬೋರ್ ನೀರು ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅನುಮಾನ ಬರುವುದು ಸಹಜವೇ. ಅದೇ ನೀರು ಕುಡಿಯುವ ಗಂಡನ ಕ್ಯಾಲ್ಸಿಯಂ ನೋಡಿಸಿದೆ. 9.3. ಆಮೇಲೆ ಆ ಮಾತು ಬರಲಿಲ್ಲ.

ಜೀನ್ ಟೆಸ್ಟಿಗಿಂತ ಮೊದಲು ನಾನು ವಂಶವೃಕ್ಷ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು, ಒಳಸಂಬಂಧದ ಮದುವೆಗೆ ಜೋಡಿ ಗೆರೆ. ನಮ್ಮ ಭಾಗದ ಹಾಳೆಗಳಲ್ಲಿ ಜೋಡಿ ಗೆರೆ ಬೇಕಾದಷ್ಟು. ಗಂಡಸರಿಗೆ ಕೇಳಿದರೆ ಎರಡು ತಲೆಮಾರಿಗೆ ನಿಲ್ಲುತ್ತದೆ. ಮುದುಕಿಯರಿಗೆ ಕೇಳಬೇಕು. ಯಾರಿಗೆ ಕುತ್ತಿಗೆ ಆಪರೇಷನ್ ಆಗಿತ್ತು, ಯಾರಿಗೆ ಕಿಡ್ನಿ ಕಲ್ಲು, ಯಾವ ಕೂಸು ಉಳಿಯಲಿಲ್ಲ, ಎಲ್ಲ ಅವರಿಗೆ ಗೊತ್ತು. ಆಕೆಯ ತಾಯಿ ಒಂದು ಮಾತು ಹೇಳಿದರು. ಅವರ ತಂಗಿಯನ್ನು ಸೋದರಮಾವನಿಗೆ ಕೊಟ್ಟಿದ್ದರಂತೆ. ಮೊದಲ ಕೂಸು ಹಾಲು ಕುಡಿಯದೆ, ಮೈ ಬಿಟ್ಟು, ಕೆಲವೇ ವಾರದಲ್ಲಿ ತೀರಿಕೊಂಡಿತಂತೆ. ಅದು ಇದೇ ಕಾಯಿಲೆ ಅಂತ ಈಗ ಹೇಳಲು ದಾರಿಯಿಲ್ಲ. ಆದರೆ ಹಾಳೆಯ ಮೇಲೆ ಅದನ್ನು ಬರೆದಾಗ ನನ್ನ ಎದೆ ಧಸಕ್ ಅಂತು.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಬೆಂಗಳೂರಿಗೆ ಹೋಯಿತು. ವರದಿಯಲ್ಲಿ ಸಿಎಎಸ್‌ಆರ್‌ನ ಒಂದು ಅಕ್ಷರ ಬದಲಾಗಿತ್ತು. ಆದರೆ ಇದು ರೋಗ ತರುತ್ತದೋ ಇಲ್ಲವೋ ಖಚಿತವಿಲ್ಲ ಅಂತ ಬರೆದಿದ್ದರು. ಇಂಥ ವರದಿ ನೋಡಿ ಕೈಬಿಡಬಾರದು. ಬಳಗದವರನ್ನು ಕರೆಸಿ ಆ ಒಂದೇ ಜಾಗವನ್ನು ನೋಡಿಸಬೇಕು, ಅದಕ್ಕೆ ಖರ್ಚೂ ಕಡಿಮೆ. ಕ್ಯಾಲ್ಸಿಯಂ ಜಾಸ್ತಿ ಇದ್ದವರಲ್ಲೆಲ್ಲ ಆ ಬದಲಾವಣೆ ಇತ್ತು: ಎಪ್ಪತ್ತು ದಾಟಿಯೂ ಗಟ್ಟಿಮುಟ್ಟಾಗಿರುವ ತಾಯಿ, ಅಣ್ಣ, ಮಗ. ನಾರ್ಮಲ್ ಇದ್ದ ತಂಗಿಯಲ್ಲಿ ಇರಲಿಲ್ಲ. ಗಡ್ಡೆಯ ಮಾತು ಅಲ್ಲಿಗೆ ಮುಗಿಯಿತು. ಆಪರೇಷನ್ ಬೇಡ, ಮಾತ್ರೆ ಬೇಡ, ಹಾಲು ಮೊಸರು ಬಿಡುವುದೂ ಬೇಡ ಅಂದೆ. ಮೊಣಕಾಲಿಗೆ ಬೇರೆ ಚಿಕಿತ್ಸೆ ಕೊಟ್ಟೆ, ಅದು ಸವೆತದ ನೋವು.

ಇದೇ ಜೀನ್ ತಿರುಗಾಮುರುಗಾ ಬದಲಾದ ಮನೆಯೂ ನನಗೆ ಸಿಕ್ಕಿದೆ. ಚಿಂಚೋಳಿ ಕಡೆಯ ಹುಡುಗ. ಫಿಟ್ಸ್ ಬರುತ್ತದೆ ಅಂತ ಎಷ್ಟೋ ದಿನದಿಂದ ಮಾತ್ರೆ ನುಂಗುತ್ತಿದ್ದ. ಬಿಪಿ ಪಟ್ಟಿ ಕಟ್ಟಿ, ಗಾಳಿ ತುಂಬಿ ಮೂರು ನಿಮಿಷ ಹಿಡಿದೆ. ಮಣಿಕಟ್ಟು ಬಾಗಿತು, ಹೆಬ್ಬೆಟ್ಟು ಅಂಗೈಯೊಳಗೆ ಹೋಯಿತು, ಬೆರಳು ನೆಟ್ಟಗೆ ನಿಂತು ಕೂಡಿಕೊಂಡವು. ನೋಡುತ್ತಿದ್ದ ತಂದೆ, “ಡಾಕ್ಟ್ರೇ, ನನ್ನ ಕೈನೂ ಹಿಂಗೇ ಆಗ್ತದರೀ” ಅಂದರು. ಇಬ್ಬರ ಕ್ಯಾಲ್ಸಿಯಂ ಏಳರ ಆಸುಪಾಸು, ಪಿಟಿಎಚ್ ಕಡಿಮೆ, ಆದರೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತಿತ್ತು. ಇಲ್ಲಿ ಫ್ಲೋಟ್ ಕೆಳಗೆ ಕಟ್ಟಿದೆ. ಇಂಥವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ತುಂಬಿಸಿ 9ಕ್ಕೆ ತರಲು ಹೋದರೆ ಅದೆಲ್ಲ ಮೂತ್ರಕ್ಕೆ ಹೋಗಿ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಫಿಟ್ಸ್, ಸೆಳೆತ ಬಾರದಷ್ಟು ಮಾತ್ರ ಏರಿಸಬೇಕು. ಮೂತ್ರದ ಕ್ಯಾಲ್ಸಿಯಂ, ಕಿಡ್ನಿ ಸ್ಕ್ಯಾನ್ ನೋಡುತ್ತಾ ಇರಬೇಕು.

ಮನೆತನದಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂದಕೂಡಲೇ ಎಲ್ಲವೂ ನಿರಪಾಯ ಅಲ್ಲ ಅನ್ನುವುದನ್ನೂ ಹೇಳಬೇಕು. 11ನೇ ಕ್ರೋಮೋಸೋಮಿನ ಎಂಇಎನ್1 ಜೀನ್ ಕೆಟ್ಟರೆ ಪ್ಯಾರಾಥೈರಾಯ್ಡ್, ಮೇದೋಜೀರಕ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗಳಲ್ಲಿ ಗಡ್ಡೆ ಬೆಳೆಯುತ್ತವೆ. ಆ ಮನೆಗಳಲ್ಲಿ ಚಿಕ್ಕ ವಯಸ್ಸಿಗೇ ಕಿಡ್ನಿ ಕಲ್ಲು, ವಾಸಿಯಾಗದ ಹೊಟ್ಟೆಹುಣ್ಣು ಇರುತ್ತವೆ. ಅವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುತ್ತದೆ.

ಸೇಡಂ ಮನೆಯ ಕೆಲಸ ಮುಗಿಯಿತು ಅನ್ನುವಾಗ ಆಕೆ ಸಹಜವಾಗಿ ಹೇಳಿದರು, ಮಗನಿಗೆ ಅಣ್ಣನ ಮಗಳನ್ನು ತರಬೇಕು ಅಂತ ಮಾತಾಗಿದೆ ಎಂದು. ಮಗನಲ್ಲಿ ಬದಲಾವಣೆ ಇದೆ, ಅಣ್ಣನಲ್ಲೂ ಇದೆ. ಹುಡುಗಿಯಲ್ಲಿ ಇರುವ ಸಾಧ್ಯತೆ ಅರ್ಧಕ್ಕರ್ಧ. ವಯಸ್ಸಿಗೆ ಬಂದ ಹುಡುಗಿ, ಆಕೆಯನ್ನೇ ಕರೆದು ಎಲ್ಲ ಹೇಳಿದೆ. ತಾನೇ ಟೆಸ್ಟ್ ಮಾಡಿಸುತ್ತೇನೆ ಅಂದಳು. ಅವಳಲ್ಲೂ ಇತ್ತು.

ಒಂದು ಪ್ರತಿ ಬದಲಾದರೆ ಏನೂ ತೊಂದರೆ ಕೊಡದ ಈ ಜೀನ್, ತಂದೆಯಿಂದ ಒಂದು ತಾಯಿಯಿಂದ ಒಂದು ಎರಡೂ ಬದಲಾಗಿ ಬಂದರೆ ಕೂಸಿನ ಜೀವಕ್ಕೇ ಬರುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಕ್ಯಾಲ್ಸಿಯಂ 15 ದಾಟಬಹುದು. ಎಲುಬು ಮೆತ್ತಗಾಗಿ ಪಕ್ಕೆಲುಬು ಮುರಿಯುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಎಷ್ಟೋ ಸಲ ಎಳೆಗೂಸಿಗೇ ನಾಲ್ಕೂ ಗ್ರಂಥಿ ತೆಗೆಯಬೇಕಾಗುತ್ತದೆ. ಇವರಿಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಆ ಅಪಾಯ ನಾಲ್ಕರಲ್ಲಿ ಒಂದು ಪಾಲು. ಮದುವೆ ಬೇಡ ಅಂತ ನಾನು ಹೇಳಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಈ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದೆ. ಹುಡುಗ ಹುಡುಗಿ ಇಬ್ಬರೂ ಯೋಚಿಸಿ ಬೇಡ ಅಂದರು. ಹಿರಿಯರು ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ನನಗೆ ಹೆಚ್ಚು ಚಿಂತೆಯಾಗಿದ್ದು ಆಮೇಲೆ. ಹುಡುಗಿಯ ಜೀನ್ ಖರಾಬ್ ಅದ ಅಂತ ಊರಲ್ಲಿ ಮಾತು ಶುರುವಾಯಿತು. ಅದೇ ಬದಲಾವಣೆ ಇರುವ ಹುಡುಗನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಇದು ನನಗೆ ಈಗಲೂ ಸಹಿಸಲಾಗದು. ಅವಳ ವರದಿ ಅವಳ ಕೈಗೇ ಕೊಟ್ಟೆ, ಕೇಳಲು ಬಂದ ನೆಂಟರಿಗೆ ಕೊಡಲಿಲ್ಲ. ಮನೆಯ ಹಿರಿಯರನ್ನು ಕೂರಿಸಿ, ಇವಳು ಆರೋಗ್ಯವಂತೆ, ಇವಳ ಅಜ್ಜಿ ಎಪ್ಪತ್ತರಲ್ಲೂ ರೊಟ್ಟಿ ಬಡಿಯುತ್ತಾಳೆ, ಅವಳಿಗೆ ಇರುವುದೇ ಇವಳಿಗೂ ಇರುವುದು ಅಂತ ಬಿಡಿಸಿ ಹೇಳಿದೆ. ಈ ಬದಲಾವಣೆ ಇಲ್ಲದ ಹೊರಸಂಬಂಧದಲ್ಲಿ ಮದುವೆಯಾದರೆ ಎರಡೂ ಪ್ರತಿ ಕೆಟ್ಟ ಕೂಸಿನ ಭಯವಿಲ್ಲ.

ಒಂದು ಚೀಟಿ ಬರೆದು ಅವಳಿಗೆ ಕೊಟ್ಟಿದ್ದೇನೆ, ಮುಂದೆ ಬಸಿರಾದಾಗ ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಲು. ಈಕೆಯ ಕ್ಯಾಲ್ಸಿಯಂ ಹುಟ್ಟಿನಿಂದಲೇ ಜಾಸ್ತಿ, ಕುತ್ತಿಗೆ ಆಪರೇಷನ್ ಬೇಡ ಅಂತ ಮೊದಲ ಸಾಲು. ಹೊಟ್ಟೆಯಲ್ಲಿ ತಾಯಿಯ ಹೆಚ್ಚಿನ ಕ್ಯಾಲ್ಸಿಯಂಗೆ ಹೊಂದಿಕೊಂಡ ಕೂಸಿಗೆ ಹುಟ್ಟಿದ ಮೇಲೆ ಕೆಲ ದಿನ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು, ಅದೂ ಈ ಬದಲಾವಣೆ ಬರದ ಕೂಸಿಗೆ. ಹಾಗಾಗಿ ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ಕ್ಯಾಲ್ಸಿಯಂ ತಪ್ಪದೆ ನೋಡಿ ಅಂತ ಎರಡನೆಯದು. ಕೆಳಗೆ ನನ್ನ ಫೋನ್ ನಂಬರ್ ಇದೆ.