ನೂರು ಸಿಸಿ ಬೈಕಿನ ಚೈನ್ ಸೆಟ್ ಮನೆಯಲ್ಲೇ ಬದಲಿಸುವುದು ಹೇಗೆ, ಬಿಡಿಭಾಗ ಆರಿಸುವುದು ಹೇಗೆ

ಸ್ಪ್ಲೆಂಡರ್, ಪ್ಲಾಟಿನಾದಂಥ ಬೈಕುಗಳಲ್ಲಿ ಎಂಜಿನ್ ಅಷ್ಟು ಬೇಗ ಕೈಕೊಡುವುದಿಲ್ಲ. ವರ್ಷವರ್ಷವೂ ದುಡ್ಡು ಹೋಗುವುದು ಚೈನ್, ಬ್ರೇಕ್ ಶೂ, ಕೇಬಲ್, ಬೇರಿಂಗ್‌ಗಳಿಗೆ. ಈ ನಾಲ್ಕನ್ನೂ ಅಂಗಳದಲ್ಲಿ ಕೂತು ಬದಲಿಸಬಹುದು. ಬೈಕ್ ಕಂಪನಿಯ ಡಬ್ಬಿಯೇ ಬೇಕೆಂದೂ ಇಲ್ಲ. ಕಂಪನಿಗಳಿಗೆ ಭಾಗ ಪೂರೈಸುವ ಅನೇಕರು ಅದೇ ಬಗೆಯ ಮಾಲನ್ನು ತಮ್ಮ ಹೆಸರಲ್ಲೂ ಮಾರುತ್ತಾರೆ: ಚೈನಿಗೆ ಕೊಯಮತ್ತೂರಿನ ರೋಲಾನ್, ಚೆನ್ನೈನ ಡೈಮಂಡ್, ಕೇಬಲ್ಲಿಗೆ ಬೆಂಗಳೂರಿನ ಸುಪ್ರಜಿತ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲೋ ನಿಮ್ಮೂರಿನ ಸ್ಪೇರ್ಸ್ ಅಂಗಡಿಯಲ್ಲೋ ಇವನ್ನು ಹೆಸರು ಹೇಳಿ ಕೇಳಿ. ತಯಾರಕರ ಹೆಸರು, ಪಾರ್ಟ್ ನಂಬರ್, ಎಂಆರ್‌ಪಿ ಯಾವುದೂ ಇಲ್ಲದ ಪ್ಲಾಸ್ಟಿಕ್ ಚೀಲದ ಮಾಲು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಮೊದಲು ಚೈನ್ ನಿಜವಾಗಿ ಸವೆದಿದೆಯೇ ನೋಡಿ. ಸದ್ದು ಬಂದಾಕ್ಷಣ ಬದಲಿಸಬೇಕಿಲ್ಲ. ಎಣ್ಣೆಯಿಲ್ಲದ ಚೈನೂ ಸದ್ದು ಮಾಡುತ್ತದೆ. ಈ ಬೈಕುಗಳ ಚೈನ್ ಸಾಮಾನ್ಯವಾಗಿ 428 ಅಳತೆಯದು. ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು 21 ಪಿನ್ ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯದರ ನಡುವಿಗೆ ಅಳೆಯಿರಿ. ಹೊಸತರಲ್ಲಿ ಅದು 254 ಮಿ.ಮೀ. 257 ದಾಟಿದರೆ ಹೊಸ ಸೆಟ್ಟಿಗೆ ದುಡ್ಡು ಎತ್ತಿಡಿ, 259ಕ್ಕೆ ಬಂದರೆ ಇನ್ನು ಓಡಿಸಬೇಡಿ. ಚೈನ್ ಉದ್ದವಾಯಿತು ಎನ್ನುತ್ತೇವೆ, ಆದರೆ ಕಬ್ಬಿಣ ಹಿಗ್ಗಿರುವುದಿಲ್ಲ. ಪಿನ್ನೂ ಅದರ ಸುತ್ತಲಿನ ಬುಷ್ಷೂ ಉಜ್ಜಿ ಸವೆದಿರುತ್ತವೆ. ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಕೂಡಿ ಐದು ಮಿ.ಮೀ. ಆಗುತ್ತದೆ.

ಟೇಪ್ ಇಲ್ಲದಿದ್ದರೆ ಹಿಂದಿನ ಚಕ್ರದ ದೊಡ್ಡ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಗಾಲಿಯ) ಹಿಂದುಗಡೆ ಚೈನನ್ನು ಬೆರಳಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅದರ ಆಯಸ್ಸು ಮುಗಿದಿದೆ. ಹಲ್ಲುಗಳು ಒಂದು ಪಕ್ಕಕ್ಕೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ.

ಚೈನ್ ಮಾತ್ರ ಹೊಸತು ಹಾಕಿ, ಹಳೆಯ ಸ್ಪ್ರಾಕೆಟ್ ಉಳಿಸಿಕೊಳ್ಳುವುದು ಉಳಿತಾಯವಲ್ಲ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಮುಂದೆ 14, ಹಿಂದೆ 42 ಹಲ್ಲಿದ್ದರೆ ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತಿರುತ್ತದೆ. ಸವೆತ ಹೆಚ್ಚು ಆ ಚಿಕ್ಕದಕ್ಕೇ, ಕವರಿನೊಳಗೆ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ, ಒಂದೇ ಕಿಟ್ಟಿನಲ್ಲಿ ತನ್ನಿ. ತರುವ ಮುನ್ನ ಎರಡೂ ಸ್ಪ್ರಾಕೆಟ್ಟಿನ ಹಲ್ಲು, ಚೈನಿನ ಕೊಂಡಿ ಎಣಿಸಿ ಬರೆದುಕೊಳ್ಳಿ. ಒಂದೇ ಹೆಸರಿನ ಬೈಕಿಗೂ ವರ್ಷದಿಂದ ವರ್ಷಕ್ಕೆ ಅಳತೆ ಬದಲಾಗಿರಬಹುದು.

ಬೇಕಾದ ಸಾಮಾನು: 8, 10, 12, 14, 17, 19ರ ಸ್ಪ್ಯಾನರ್, ನೋಸ್ ಪ್ಲೈಯರ್, ಸ್ಕ್ರೂಡ್ರೈವರ್, ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್, ಬಟ್ಟೆ.

ಬೈಕನ್ನು ಸಮನಾದ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೀ ತೆಗೆದಿಡಿ. ಎಡಗಡೆಯ ಸ್ಪ್ರಾಕೆಟ್ ಕವರ್ ಬಿಚ್ಚಿ, ಒಳಗಿನ ಗಟ್ಟಿಯಾದ ಕೆಸರು ಕೆರೆದು ತೆಗೆಯಿರಿ. ಸ್ಪ್ಲೆಂಡರ್ ಬಗೆಯ ಬೈಕಿನಲ್ಲಿ ಚಿಕ್ಕ ಸ್ಪ್ರಾಕೆಟ್ಟನ್ನು ಒಂದು ಪ್ಲೇಟ್, ಎರಡು 10ರ ಬೋಲ್ಟ್ ಹಿಡಿದಿರುತ್ತವೆ. ಆ ಬೋಲ್ಟ್‌ಗಳನ್ನು ಚೈನ್ ಇರುವಾಗಲೇ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಾಗ ಸಡಿಲಿಸಬೇಕು. ಚೈನ್ ಬಿಚ್ಚಿದ ಮೇಲೆ ಶಾಫ್ಟ್ ಸುತ್ತುತ್ತಲೇ ಇರುತ್ತದೆ, ಬೋಲ್ಟ್ ಬರುವುದಿಲ್ಲ.

ಈಗ ಗೇರನ್ನು ನ್ಯೂಟ್ರಲ್ಲಿಗೆ ತಂದು ಚೈನ್ ಕೇಸ್ ಬಿಚ್ಚಿ. ಚಕ್ರ ತಿರುಗಿಸುತ್ತ ಲಾಕ್ ಕೊಂಡಿ ಹುಡುಕಿ, ಪ್ಲೈಯರಿನಿಂದ ಕ್ಲಿಪ್ ಜಾರಿಸಿ ಚೈನ್ ತೆಗೆಯಿರಿ. ಪ್ಲೇಟನ್ನು ಸ್ವಲ್ಪ ತಿರುಗಿಸಿದರೆ ಶಾಫ್ಟಿನ ಹಲ್ಲುಗಳಿಗೆ ಸರಿಹೊಂದಿ ಹೊರಬರುತ್ತದೆ, ಅದರ ಹಿಂದೆಯೇ ಸ್ಪ್ರಾಕೆಟ್ಟೂ ಬರುತ್ತದೆ. ಹಿಂದಿನ ಚಕ್ರ ಇಳಿಸಿ ದೊಡ್ಡ ಸ್ಪ್ರಾಕೆಟ್ ಬದಲಿಸುವಾಗ ಹಬ್ಬಿನೊಳಗಿನ ರಬ್ಬರ್ ನೋಡಿ. ಸ್ಪ್ರಾಕೆಟ್ ಕೈಯಲ್ಲಿ ಹಿಂದೆ ಮುಂದೆ ಅಲುಗಾಡುತ್ತಿದ್ದರೆ ರಬ್ಬರ್ ಸತ್ತಿದೆ. ಗೇರ್ ಹಾಕಿದಾಗಲೆಲ್ಲ ‘ಟಕ್’ ಎನ್ನುವುದು ಹಲವು ಸಲ ಇದರಿಂದಲೇ.

ಹೊಸ ಚೈನ್ ಸುತ್ತಿ ಎರಡೂ ತುದಿಯನ್ನು ದೊಡ್ಡ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಕೂರಿಸಿದರೆ ಲಾಕ್ ಹಾಕಲು ಮೂರನೇ ಕೈ ಬೇಕಾಗುವುದಿಲ್ಲ. ಕ್ಲಿಪ್ಪಿನ ವಿಷಯದಲ್ಲಿ ಮಾತ್ರ ತಪ್ಪಬೇಡಿ: ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ಮೇಲಿನ ಎಳೆಯಲ್ಲಿ ನೋಡಿದರೆ ಅದು ಎಂಜಿನ್ ಕಡೆಗಿರುತ್ತದೆ. ತಿರುಗುಮುರುಗಾದರೆ ತೆರೆದ ಬಾಯಿ ಏನಕ್ಕಾದರೂ ತಾಗಿ ಕಳಚಿಕೊಳ್ಳುತ್ತದೆ. ಓಡುವಾಗ ಚೈನ್ ಬಿಚ್ಚಿ ಎಂಜಿನ್ ಕೇಸಿಗೆ ಹೊಡೆದರೆ ಅಲ್ಯೂಮಿನಿಯಂ ಒಡೆಯುತ್ತದೆ. ಚಕ್ರಕ್ಕೆ ಸಿಕ್ಕಿಕೊಂಡರೆ ಸವಾರನೇ ಬೀಳುತ್ತಾನೆ. ಹಳೆಯ ಕ್ಲಿಪ್ ಮತ್ತೆ ಬಳಸಬೇಡಿ.

ಎರಡೂ ಕಡೆಯ ಅಡ್ಜಸ್ಟರ್ ಒಂದೇ ಗುರುತಿಗೆ ತಂದು, ಕೆಳಗಿನ ಎಳೆಯ ನಡುವೆ ಮೇಲೆ ಕೆಳಗೆ ಒಟ್ಟು 25–30 ಮಿ.ಮೀ. ಆಡುವಂತೆ ಇಡಿ, ನಿಮ್ಮ ಬೈಕಿನ ಚೈನ್ ಕೇಸಿನಲ್ಲೋ ಪುಸ್ತಕದಲ್ಲೋ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಾಲ್ಕಾರು ಕಡೆ ನೋಡಿ, ಅತಿ ಬಿಗಿಯಿರುವ ಜಾಗಕ್ಕೆ ಈ ಲೆಕ್ಕ ಹಿಡಿಯಿರಿ. ಸದ್ದು ಬರಬಾರದೆಂದು ಬಿಗಿಯಾಗಿ ಎಳೆದು ಕೊಡುವ ರೂಢಿ ಬಹಳ ಕಡೆ ಇದೆ, ಇದು ತಪ್ಪು. ಇಬ್ಬರು ಕೂತಾಗ ಸಸ್ಪೆನ್ಷನ್ ಇಳಿದು ಚೈನ್ ಇನ್ನಷ್ಟು ಬಿಗಿಯುತ್ತದೆ. ಆ ಎಳೆತಕ್ಕೆ ಶಾಫ್ಟಿನ ಬೇರಿಂಗ್ ಸವೆದು ಆಯಿಲ್ ಸೀಲ್ ಸೋರಲು ಶುರುವಾದರೆ ಎಂಜಿನ್ನಿಗೇ ಕೈಹಾಕಬೇಕಾಗುತ್ತದೆ. ಕೊನೆಗೆ ಆಕ್ಸಲ್ ನಟ್ ಬಿಗಿದು, ಹಿಂದಿನ ಬ್ರೇಕ್ ಪೆಡಲ್ ಮತ್ತೆ ಹೊಂದಿಸಿ. ಚಕ್ರ ಸರಿದಾಗ ಬ್ರೇಕ್ ರಾಡೂ ಬದಲಾಗಿರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಹೊಸ ಚೈನ್ ಮೊದಲ 300 ಕಿ.ಮೀ.ಯಲ್ಲಿ ತುಸು ಸಡಿಲಾಗುತ್ತದೆ, ಆಗ ಇನ್ನೊಮ್ಮೆ ನೋಡಿ.

ಎಣ್ಣೆಗೆ 90ರ ಗೇರ್ ಆಯಿಲ್ ಸಾಕು. ಸುಮಾರು 500 ಕಿ.ಮೀ.ಗೊಮ್ಮೆ, ಮಲೆನಾಡಿನ ಮಳೆಯಲ್ಲಿ ವಾರಕ್ಕೊಮ್ಮೆ, ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ ಒಳಬದಿಗೆ ಹನಿಹನಿಯಾಗಿ ಬಿಡಿ. ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದರೆ ಪ್ಯಾಂಟಿಗೆ ಸಿಡಿಯುವುದಿಲ್ಲ. ಗ್ರೀಸ್ ಹೊರಗೇ ಅಂಟಿ ಧೂಳು ಹಿಡಿಯುತ್ತದೆ, ಪಿನ್ನಿನವರೆಗೆ ಇಳಿಯುವುದಿಲ್ಲ. ಎಂಜಿನ್ನಿನಿಂದ ತೆಗೆದ ಕಪ್ಪು ಆಯಿಲ್‌ನಲ್ಲಿ ಮಸಿ, ಲೋಹದ ಪುಡಿ ಇರುತ್ತದೆ, ಅದೂ ಬೇಡ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತ ಚೈನ್ ಒರೆಸುವುದಂತೂ ಎಂದೂ ಬೇಡ: ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ.

ಚಕ್ರ ಹೇಗೂ ಇಳಿಸಿರುವಾಗ ಬ್ರೇಕ್ ಶೂ ನೋಡಿಬಿಡಿ. ಲೈನಿಂಗ್ 2 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ಕೆಲವರು ಶೂ ಸವೆದಾಗ ಬ್ರೇಕ್ ಆರ್ಮನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ ಪೆಡಲ್ ಮೇಲೆ ತರುತ್ತಾರೆ. ಹೀಗೆ ಮಾಡಿದರೆ ಶೂಗಳನ್ನು ಅಗಲಿಸುವ ಕ್ಯಾಮ್ ಮಿತಿಮೀರಿ ತಿರುಗಿ ಶೂ ವಾಪಸ್ ಬರದೆ ಚಕ್ರ ಹಿಡಿದುಕೊಳ್ಳಬಹುದು. ಶೂ ಬದಲಿಸದೆ ಉಳಿಸುವ ಹಣ ಈ ಅಪಾಯಕ್ಕೆ ತಕ್ಕುದಲ್ಲ. ಡ್ರಮ್ಮಿನ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಮಿಗೆ ಚೂರೇ ಗ್ರೀಸ್ ಹಚ್ಚಿ, ಲೈನಿಂಗಿಗೆ ತಾಗದಂತೆ.

ಆಕ್ಸಲ್ ಇಲ್ಲದಾಗ ಚಕ್ರದ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ. ಗರಗರ ಎಂದರೆ ಮಾಡೆಲ್ ಹೆಸರು ಹಿಡಿದು ಕೇಳಬೇಕಿಲ್ಲ, ಬೇರಿಂಗಿನ ಮೇಲೆಯೇ ನಂಬರ್ ಇದೆ. 6301 ಎಂದರೆ ಒಳಗೆ 12, ಹೊರಗೆ 37, ದಪ್ಪ 12 ಮಿ.ಮೀ, 6202 ಎಂದರೆ 15, 35, 11. ಈ ಅಳತೆ ಎಲ್ಲ ಕಂಪನಿಗೂ ಒಂದೇ, ಬೇರಿಂಗ್ ಅಂಗಡಿಯಲ್ಲಿ ಹೆಸರುವಾಸಿ ತಯಾರಕರದ್ದೇ ಸಿಗುತ್ತದೆ. ನಂಬರಿನ ಕೊನೆಗೆ 2ಆರ್‌ಎಸ್ ಇರುವುದನ್ನು ಕೇಳಿ. ಎರಡೂ ಕಡೆ ರಬ್ಬರ್ ಸೀಲ್ ಇರುವುದರಿಂದ ಮಳೆನೀರು ಬೇಗ ಇಳಿಯುವುದಿಲ್ಲ. ಕೂರಿಸುವಾಗ ಸುತ್ತಿಗೆಯ ಪೆಟ್ಟು ಹೊರ ರಿಂಗಿಗೆ ಮಾತ್ರ ಬೀಳಲಿ. ಹಳೆಯ ಬೇರಿಂಗನ್ನೇ ಮೇಲಿಟ್ಟು ಬಡಿದರೆ ನೇರವಾಗಿ ಇಳಿಯುತ್ತದೆ.